ಮೂರು ಡಬ್ಬಿಯ ಲೆಕ್ಕ: ತಿಂಡಿ ಕಂಪೆನಿ, ಸಾಹಸ ಮತ್ತು ದಾನ

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಊಟಕ್ಕೆ ಮೊದಲು ಲೆಕ್ಕದವನ ಕೈಗೆ ಮೈಕ್ ಕೊಟ್ಟರೆ ಸಭೆಗೆ ಹಸಿವು ಜಾಸ್ತಿಯಾಗುತ್ತದೆ ಎಂದು ನನಗೆ ಗೊತ್ತುಂಟು. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸಂಘದ ಮುಂದೆ ಒಂದು ಪ್ರಸ್ತಾಪ ಬಂದಿದೆ. ನಮ್ಮ ಊರಿನವರು ಇಲ್ಲಿ ಯುಎಇಯಲ್ಲಿ ನಡೆಸುವ ಒಂದು ಸಣ್ಣ ತಿಂಡಿ ಕಂಪೆನಿ ಉಂಟು. ಬಾಳೆಕಾಯಿ ಚಿಪ್ಸ್, ಮಿಕ್ಸ್‌ಚರ್, ಖಾರಕಡ್ಡಿ ಪ್ಯಾಕ್ ಮಾಡಿ ಗ್ರೋಸರಿಗಳಿಗೆ ಹಾಕುತ್ತಾರೆ. ನಮ್ಮ ಐದಾರು ಹುಡುಗರು ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟಕ್ಕೆ ಸೈಕಲಿನಲ್ಲಿ ಹತ್ತುವುದು, ಕಂಪೆನಿ ಅದಕ್ಕೆ ಸ್ಪಾನ್ಸರ್ ಆಗುವುದು, ಹುಡುಗರ ಅಂಗಿಯ ಮೇಲೆ ಕಂಪೆನಿಯ ಹೆಸರು ಇರುವುದು, ಇದರ ಹೆಸರಿನಲ್ಲಿ ಸೇರುವ ಹಣ ಊರಿನ ಡಯಾಲಿಸಿಸ್ ರೋಗಿಗಳಿಗೆ ಹೋಗುವುದು. ಇದು ಪ್ರಸ್ತಾಪ. ಮುಂದಿನ ಸಭೆಯಲ್ಲಿ ತೀರ್ಮಾನ ಆಗಬೇಕು. ಅದಕ್ಕೆ ಮೊದಲು ಲೆಕ್ಕದ ಕಡೆಯಿಂದ ನಾಲ್ಕು ಮಾತು ಹೇಳು ಎಂದು ಹಿರಿಯರು ನನಗೆ ಹೇಳಿದ್ದಾರೆ.

ಪ್ರಸ್ತಾಪ ಕೇಳಲಿಕ್ಕೆ ಚಂದ ಉಂಟು. ಹುಡುಗರಿಗೆ ಹುಮ್ಮಸ್ಸು ಉಂಟು, ಕಂಪೆನಿಯವರಿಗೆ ಒಳ್ಳೆಯ ಮನಸ್ಸು ಉಂಟು, ಊರಿನಲ್ಲಿ ಅಗತ್ಯವೂ ಉಂಟು. ಮತ್ತೆ ಮಾತಾಡಲಿಕ್ಕೆ ಎಂತ ಉಂಟು ಎಂದು ಕೆಲವರು ಕೇಳಬಹುದು. ನೋಡಿ, ಒಂದೇ ಪೋಸ್ಟರಿನ ಒಳಗೆ ಇಲ್ಲಿ ಮೂರು ಬೇರೆ ಬೇರೆ ಕೆಲಸಗಳು ಕೂತಿವೆ. ಒಂದು, ಕಂಪೆನಿಯ ಜಾಹೀರಾತು. ಎರಡು, ಹುಡುಗರ ಸಾಹಸ. ಮೂರು, ರೋಗಿಗೆ ದಾನ. ಮೂರೂ ಒಳ್ಳೆಯದೇ. ಆದರೆ ಮೂರಕ್ಕೂ ಒಂದೇ ಡಬ್ಬಿ ಇಟ್ಟರೆ, ಕೊನೆಗೆ ರೋಗಿಯ ಪಾಲಿಗೆ ಎಷ್ಟು ಬಂತು ಎಂದು ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಮೂರು ಡಬ್ಬಿ ಇಟ್ಟರೆ ಹತ್ತು ವರ್ಷದ ಮಗುವಿಗೂ ಲೆಕ್ಕ ಅರ್ಥವಾಗುತ್ತದೆ. ನಾನು ಇವತ್ತು ಹೇಳಲಿಕ್ಕಿರುವುದು ಇಷ್ಟೇ. ಯಾಕೆ ಹಾಗೆ, ಹೇಗೆ ಮಾಡುವುದು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ತಿಂಡಿ ಮಾಡುವವರು ಸಾಹಸಿಗಳ ಬೆನ್ನಿಗೆ ನಿಲ್ಲುವುದು ಇವತ್ತು ನಿನ್ನೆಯ ಸಂಗತಿಯಲ್ಲ. ಇಂಗ್ಲೆಂಡಿನ ಉತ್ತರಕ್ಕೆ ಕೆಂಡಲ್ ಎಂಬ ಸಣ್ಣ ಪೇಟೆ ಉಂಟು. ಅಲ್ಲಿ ಮಾಡುವ ಒಂದು ಮಿಠಾಯಿಗೆ ಕೆಂಡಲ್ ಮಿಂಟ್ ಕೇಕ್ ಎಂದು ಹೆಸರು. ಹೆಸರು ಕೇಕ್ ಆದರೂ ಅದು ನಮ್ಮ ಬೇಕರಿಯ ಕೇಕಿನ ಹಾಗೆ ಇರುವುದಿಲ್ಲ. ಸಕ್ಕರೆ, ಗ್ಲೂಕೋಸ್, ನೀರು ಕುದಿಸಿ, ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿ ಅಚ್ಚಿಗೆ ಹೊಯ್ದರೆ ಆಗುವ ಗಟ್ಟಿ ಬಿಲ್ಲೆ. ಕಿಸೆಯಲ್ಲಿ ಇಟ್ಟುಕೊಳ್ಳಬಹುದು, ಬೇಗ ಹಾಳಾಗುವುದಿಲ್ಲ, ಬಾಯಿಗೆ ಹಾಕಿದ ಕೂಡಲೇ ಶಕ್ತಿ ಬರುತ್ತದೆ. 1914ರಲ್ಲಿ ಶ್ಯಾಕಲ್ಟನ್ ಎಂಬ ಸಾಹಸಿ ದಕ್ಷಿಣ ಧ್ರುವದ ಕಡೆಗೆ ಹೊರಟ ತಂಡಕ್ಕೂ ಕೆಂಡಲಿನ ಒಬ್ಬ ಮಿಠಾಯಿ ತಯಾರಕರು ಇದನ್ನು ಕಳಿಸಿದ್ದರು.

1953ರಲ್ಲಿ ಎವರೆಸ್ಟ್ ಹತ್ತುವ ಬ್ರಿಟಿಷ್ ತಂಡದವರು ಅದೇ ಪೇಟೆಯ ರೋಮ್ನೀಸ್ ಎಂಬ ಸಣ್ಣ ಕಂಪೆನಿಯನ್ನು ಕೇಳಿದರು, ಒಂದು ವಾರದ ಒಳಗೆ ನಮಗೆ ಮಿಂಟ್ ಕೇಕ್ ಕೊಡಬಹುದೋ ಎಂದು. ಯುದ್ಧಕಾಲದ ರೇಷನ್ ಅಲ್ಲಿ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಮಿಠಾಯಿಗೂ ಕೂಪನ್ ಬೇಕಿತ್ತು. ಆಗ ಆ ಕಂಪೆನಿಯ ಕೆಲಸಗಾರರು ತಮ್ಮ ತಮ್ಮ ಕೂಪನ್ ಕೊಟ್ಟು ಲೆಕ್ಕ ಸರಿ ಮಾಡಿದರು ಎಂದು ಹೇಳುತ್ತಾರೆ. ಆ ವರ್ಷ ಮೇ 29ಕ್ಕೆ ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ತುದಿ ಮುಟ್ಟಿದರು. ಮಿಂಟ್ ಕೇಕೂ ಅವರ ಜೊತೆ ಮೇಲೆ ಹೋಗಿತ್ತು. ಅಂದಿನಿಂದ ಇಂದಿನವರೆಗೆ ಎವರೆಸ್ಟಿನ ಹೆಸರು ಹೇಳಿಕೊಂಡು ಅದು ಮಾರಾಟ ಆಗುತ್ತಿದೆ.

ಇದರಲ್ಲಿ ತಪ್ಪು ಏನಾದರೂ ಉಂಟೋ? ಏನೂ ಇಲ್ಲ. ಕಂಪೆನಿ ತಿಂಡಿ ಕೊಟ್ಟಿತು, ತಂಡಕ್ಕೆ ಉಪಕಾರವಾಯಿತು, ಕಂಪೆನಿಗೆ ಹೆಸರು ಬಂತು. ವ್ಯಾಪಾರ ಚೊಕ್ಕ. ನಾವು ಗಮನಿಸಬೇಕಾದ್ದು ಏನೆಂದರೆ, ಅಲ್ಲಿ ದಾನದ ಮಾತೇ ಇರಲಿಲ್ಲ. ಮೊದಲ ಎರಡು ಡಬ್ಬಿ ಮಾತ್ರ ಇತ್ತು.

ಮೂರನೆಯ ಡಬ್ಬಿ ಬಂದದ್ದು ಏಳು ವರ್ಷ ಕಳೆದ ಮೇಲೆ. 1960ರಲ್ಲಿ ಹಿಲರಿ ಮತ್ತೆ ಹಿಮಾಲಯಕ್ಕೆ ಹೋದರು. ಆ ಸಲದ ಖರ್ಚಿಗೆ ನಿಂತದ್ದು ವರ್ಲ್ಡ್ ಬುಕ್ ಎಂಬ ವಿಶ್ವಕೋಶ ಪ್ರಕಟಿಸುವ ಅಮೆರಿಕದ ಕಂಪೆನಿ. ಅಲ್ಲಿನ ಶೆರ್ಪಾ ಜನರನ್ನು, ನಿಮಗೆ ಏನು ಬೇಕು ಎಂದು ಹಿಲರಿ ಕೇಳಿದಾಗ, ನಮ್ಮ ಮಕ್ಕಳಿಗೆ ಶಾಲೆ ಬೇಕು ಎಂದರು. 1961ರಲ್ಲಿ ಖುಮ್‌ಜುಂಗ್ ಎಂಬ ಊರಿನಲ್ಲಿ ಶಾಲೆ ಶುರುವಾಯಿತು. ಆಮೇಲೆ ಹಿಮಾಲಯನ್ ಟ್ರಸ್ಟ್ ಎಂಬ ಹೆಸರಿನಲ್ಲಿ ಇನ್ನೂ ಅನೇಕ ಶಾಲೆಗಳು ಬಂದವು. 1966ರಲ್ಲಿ ಖುಂಡೆಯಲ್ಲಿ ಆಸ್ಪತ್ರೆ ಆಯಿತು. ಎವರೆಸ್ಟಿನಿಂದ ಬಂದ ಹೆಸರನ್ನು ಹಿಲರಿ 2008ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸಕ್ಕೆ ಉಪಯೋಗಿಸಿದರು. ಬೆಟ್ಟ ಹತ್ತಿದ್ದು ಒಂದು ದಿನದ ಕೆಲಸ. ಶಾಲೆ ನಡೆಸಿದ್ದು ಸುಮಾರು ಐವತ್ತು ವರ್ಷದ ಕೆಲಸ. ಎರಡನ್ನೂ ಒಂದೇ ಎಂದು ಅವರು ತಿಳಿದುಕೊಳ್ಳಲಿಲ್ಲ. ದಾನಕ್ಕೆ ಬೇರೆಯೇ ಟ್ರಸ್ಟ್, ಬೇರೆಯೇ ಲೆಕ್ಕ ಇಟ್ಟರು.

ಮೂರೂ ಡಬ್ಬಿ ಒಟ್ಟಿಗೆ ಇಟ್ಟು, ಆದರೂ ಬೇರೆ ಬೇರೆಯಾಗಿ ಇಟ್ಟು ತೋರಿಸಿದ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಕೆನಡಾದ ಟೆರ್ರಿ ಫಾಕ್ಸ್. ದುಬೈಯಲ್ಲಿ, ಅಬುಧಾಬಿಯಲ್ಲಿ ಅವನ ಹೆಸರಿನ ಓಟ ನಡೆದದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1977ರಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರಿಗೆ ಬಲಗಾಲು ಹೋಯಿತು. 1980ರ ಏಪ್ರಿಲ್ 12ಕ್ಕೆ ಕೃತಕ ಕಾಲು ಕಟ್ಟಿಕೊಂಡು ಕೆನಡಾದ ಪೂರ್ವದ ತುದಿಯಿಂದ ಓಡಲಿಕ್ಕೆ ಶುರು ಮಾಡಿದ. ದಿನಕ್ಕೆ ಹೆಚ್ಚುಕಡಿಮೆ 42 ಕಿಲೋಮೀಟರ್. 143 ದಿನದಲ್ಲಿ 5,373 ಕಿಲೋಮೀಟರ್ ಓಡಿದ. ಸೆಪ್ಟೆಂಬರ್ 1ಕ್ಕೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ ಓಟ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್ 28ಕ್ಕೆ ತೀರಿಕೊಂಡ. ಅಷ್ಟರಲ್ಲಿ ಸೇರಿದ ಹಣ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚು. ಅಂದರೆ ಆಗಿನ ಕೆನಡಾದ ತಲೆಗೊಂದು ಡಾಲರ್. ಅವನು ಕೇಳಿದ್ದೂ ಅಷ್ಟೇ.

ಈಗ ಅವನ ಡಬ್ಬಿಗಳನ್ನು ನೋಡಿ. ಫೋರ್ಡ್ ಕಂಪೆನಿ ವ್ಯಾನ್ ಕೊಟ್ಟಿತು. ಇಂಪೀರಿಯಲ್ ಆಯಿಲ್ ಪೆಟ್ರೋಲ್ ಕೊಟ್ಟಿತು. ಅಡಿಡಾಸ್ ಶೂ ಕೊಟ್ಟಿತು. ಇದೆಲ್ಲ ಓಟದ ಖರ್ಚಿನ ಡಬ್ಬಿ. ಜನ ರಸ್ತೆ ಬದಿ ನಿಂತು ಕೊಟ್ಟ ಚಿಲ್ಲರೆ ಹೋದದ್ದು ಕ್ಯಾನ್ಸರ್ ಸಂಶೋಧನೆಯ ಡಬ್ಬಿಗೆ. ಜಾಹೀರಾತಿನ ಡಬ್ಬಿಯನ್ನು ಅವನು ಮುಚ್ಚಿಯೇ ಇಟ್ಟಿದ್ದ. ನಮ್ಮ ಸಾಮಾನಿನ ಪ್ರಚಾರ ಮಾಡು ಎಂದು ಷರತ್ತು ಹಾಕಿದ ಕಂಪೆನಿಗಳನ್ನು ವಾಪಸು ಕಳಿಸಿದ. ನನ್ನ ಓಟದಿಂದ ಯಾರೂ ಲಾಭ ಮಾಡಬಾರದು ಎಂದು ಅವನ ಹಟ.

ನಮ್ಮ ಚಿಪ್ಸ್ ಕಂಪೆನಿಗೆ ಅಷ್ಟು ಕಟ್ಟುನಿಟ್ಟು ಬೇಡ. ಸಣ್ಣ ಕಂಪೆನಿ, ನಾಲ್ಕು ಜನರಿಗೆ ಹೆಸರು ಗೊತ್ತಾಗಲಿ. ನಮ್ಮವರ ಅಂಗಡಿ ಬೆಳೆದರೆ ನಮ್ಮ ನಾಲ್ಕು ಹುಡುಗರಿಗೆ ಕೆಲಸ ಸಿಗುತ್ತದೆ. ಜಾಹೀರಾತು ಪಾಪದ ಕೆಲಸ ಏನಲ್ಲ. ಆದರೆ ಜಾಹೀರಾತನ್ನು ಜಾಹೀರಾತು ಎಂದೇ ಕರೆಯಬೇಕು.

ಗಲ್ಫಿನಲ್ಲಿ ಸ್ಪಾನ್ಸರ್ ಎಂದರೆ ನಮಗೆ ಮೊದಲು ನೆನಪಾಗುವುದು ಕಫೀಲ್. ಅವರ ಹೆಸರಿನಲ್ಲಿ ನಮ್ಮ ವೀಸಾ. ಲೆಕ್ಕದ ಪುಸ್ತಕದಲ್ಲಿ ಸ್ಪಾನ್ಸರ್ ಎಂದರೆ ಬೇರೆ. ಹಣ ಕೊಟ್ಟು ಬದಲಿಗೆ ಹೆಸರು ಪಡೆಯುವವನು. ಅಂಗಿಯ ಮೇಲೆ ಹೆಸರು, ಬ್ಯಾನರಿನಲ್ಲಿ ಹೆಸರು, ವಿಡಿಯೊದಲ್ಲಿ ಹೆಸರು. ಬದಲಿಗೆ ಏನೋ ಸಿಗುತ್ತದೆ ಎಂದಾದರೆ ಅದು ವ್ಯಾಪಾರದ ಖರ್ಚು. ಬದಲಿಗೆ ಏನೂ ಕೇಳದೆ ಕೊಟ್ಟರೆ ಅದು ದಾನ.

ಇದು ನನ್ನ ಸ್ವಂತ ವ್ಯಾಖ್ಯಾನ ಎಂದು ತಿಳಿಯಬೇಡಿ. ಬೇರೆ ಬೇರೆ ದೇಶದ ಕಾನೂನುಗಳೂ ಹೀಗೇ ನೋಡುತ್ತವೆ. ಬ್ರಿಟನ್ನಿನಲ್ಲಿ ಕಂಪೆನಿ ಒಂದು ಧರ್ಮಸಂಸ್ಥೆಗೆ ಸ್ಪಾನ್ಸರ್ ಮಾಡಿದರೆ ಅದು ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚು, ದಾನದ ಸಾಲಿಗೆ ಬರುವುದಿಲ್ಲ. ನಮ್ಮ ಭಾರತದಲ್ಲಿ 2013ರ ಕಂಪೆನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪೆನಿಗಳು, ಉದಾಹರಣೆಗೆ ವರ್ಷಕ್ಕೆ 5 ಕೋಟಿ ಅಥವಾ ಹೆಚ್ಚು ನಿವ್ವಳ ಲಾಭ ಇರುವವು, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕೆಲವರು ಆಗ ಒಂದು ಮ್ಯಾರಥಾನ್ ಮಾಡಿಸಿ, ಬ್ಯಾನರ್ ಕಟ್ಟಿ, ಇದೇ ನಮ್ಮ ಸಮಾಜ ಸೇವೆ ಎನ್ನಬಹುದು ಅಲ್ವಾ? ಅದಕ್ಕೇ 2014ರ ಜೂನಿನಲ್ಲಿ ಸರಕಾರ ಸುತ್ತೋಲೆ ಹೊರಡಿಸಿ, ಮ್ಯಾರಥಾನಿನಂಥ ಒಂದು ದಿನದ ಕಾರ್ಯಕ್ರಮ, ಜಾಹೀರಾತು, ಪ್ರಾಯೋಜಕತ್ವ ಇವು ಈ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. 2021ರ ಜನವರಿಯಲ್ಲಿ ನಿಯಮವನ್ನೇ ತಿದ್ದಿ, ತನ್ನ ಸಾಮಾನಿನ ಮಾರಾಟಕ್ಕೆ ಲಾಭ ಆಗಲಿ ಎಂದು ಪ್ರಾಯೋಜಿಸಿದ್ದು ಸಾಮಾಜಿಕ ಹೊಣೆಯ ಖರ್ಚು ಆಗುವುದಿಲ್ಲ ಎಂದು ಬರೆದಿತು. ನಮ್ಮ ಚಿಪ್ಸ್ ಕಂಪೆನಿಗೆ ಈ ಸೆಕ್ಷನ್ ಅನ್ವಯ ಆಗುವುದಿಲ್ಲ. ಆದರೆ ಅದರ ಹಿಂದಿನ ನ್ಯಾಯ ಎಲ್ಲರಿಗೂ ಅನ್ವಯ. ಒಂದೇ ದುಡ್ಡನ್ನು ಎರಡು ಸಲ ಎಣಿಸಬಾರದು.

ಇಲ್ಲಿ ಯುಎಇಯಲ್ಲಿ 2023ರ ಜೂನ್ 1ರಂದು ಅಥವಾ ಅದರ ನಂತರ ಶುರುವಾದ ಲೆಕ್ಕವರ್ಷಗಳಿಂದ ಕಾರ್ಪೊರೇಟ್ ತೆರಿಗೆ ಬಂದಿದೆ. 3,75,000 ದಿರ್ಹಮಿಗಿಂತ ಮೇಲಿನ ಲಾಭಕ್ಕೆ ಶೇಕಡಾ 9. ಜಾಹೀರಾತಿನ ಖರ್ಚು ಲಾಭದಿಂದ ಕಳೆಯಬಹುದು. ದಾನ ಕಳೆಯಬೇಕಾದರೆ ಅದು ಸರಕಾರ ಪಟ್ಟಿ ಮಾಡಿದ ಸಂಸ್ಥೆಗೇ ಹೋಗಿರಬೇಕು. ಹಾಗಾಗಿ ಕಂಪೆನಿಯ ಒಳಗಿನ ಪುಸ್ತಕದಲ್ಲೂ ಎರಡು ವೋಚರ್ ಬೇರೆ ಬೇರೆ ಇರುವುದು ಅವರಿಗೇ ಒಳ್ಳೆಯದು. ಈ ಸ್ಪಾನ್ಸರ್ ಹಣವನ್ನು ಜಕಾತಿನ ಲೆಕ್ಕಕ್ಕೆ ಹಾಕಬಹುದೋ ಎಂದು ಒಬ್ಬರು ಕೇಳಿದರು. ಜಕಾತಿನ ವಿಷಯ ಉಸ್ತಾದರನ್ನು ಕೇಳಿ. ಲೆಕ್ಕದವನಾಗಿ ನಾನು ಹೇಳುವುದು, ಅಂಗಿಗೆ ಹೆಸರು ಹಾಕಿಸಿದ ಬಿಲ್ಲು ಯಾವ ಕಾಲಕ್ಕೂ ಬಡವನ ಕೈಗೆ ಹೋದ ರಶೀದಿ ಆಗುವುದಿಲ್ಲ.

ಈಗ ಒಂದು ಉದಾಹರಣೆ ಲೆಕ್ಕ. ಅಂಕಿಗಳು ನಾನು ಕಲ್ಪಿಸಿದ್ದು, ಯಾರದ್ದೂ ಬಿಲ್ಲು ಅಲ್ಲ. ಕಂಪೆನಿ 20,000 ದಿರ್ಹಮ್ ಕೊಟ್ಟಿತು ಎಂದು ಇಟ್ಟುಕೊಳ್ಳಿ. ಸೈಕಲ್ ಬಾಡಿಗೆ, ಹೆಲ್ಮೆಟ್ 4,000. ಅಂಗಿ, ಬ್ಯಾನರ್, ಪೋಸ್ಟರ್ 3,500. ವ್ಯಾನ್, ಊಟ, ನೀರು 2,500. ವಿಮೆ, ಪ್ರಥಮ ಚಿಕಿತ್ಸೆ 2,000. ವಿಡಿಯೊ ಮತ್ತು ವೇದಿಕೆ ಕಾರ್ಯಕ್ರಮ 4,000. ಒಟ್ಟು 16,000. ಉಳಿದದ್ದು 4,000. ಪೋಸ್ಟರಿನಲ್ಲಿ "20,000 ದಿರ್ಹಮ್ ಸಹಾಯಧನ" ಎಂದು ಬರೆದರೆ ಅದು ಸತ್ಯವೋ? ಐದು ದಿರ್ಹಮಿನಲ್ಲಿ ಒಂದು ಮಾತ್ರ ರೋಗಿಗೆ ಹೋಯಿತು. ಆ 4,000 ಸಣ್ಣ ಮೊತ್ತ ಎಂದು ನಾನು ಹೇಳುವುದಿಲ್ಲ. 4,000ವನ್ನು 4,000 ಎಂದೇ ಹೇಳಿ ಎನ್ನುತ್ತೇನೆ.

ಇನ್ನೊಂದು ಮುಖ ನೋಡಿ. ನಮ್ಮ ಮುನ್ನೂರು ಸದಸ್ಯರು ತಲಾ 20 ದಿರ್ಹಮ್ ಕೊಟ್ಟರು ಎಂದುಕೊಳ್ಳಿ. 6,000 ಆಯಿತು. ಇದು ಯಾರ ಹಣ? ಓವರ್‌ಟೈಮ್ ಮಾಡಿದವನ ಹಣ, ಊರಿಗೆ ಫೋನ್ ಕಡಿಮೆ ಮಾಡಿ ಉಳಿಸಿದವನ ಹಣ. ಅದನ್ನೂ ಕಂಪೆನಿಯ ಹಣದ ಡಬ್ಬಿಗೇ ಹಾಕಿದರೆ, ನಾಳೆ ಖರ್ಚು 2,000 ಜಾಸ್ತಿಯಾದಾಗ ಯಾರ ದುಡ್ಡಿನಿಂದ ಕೊಟ್ಟದ್ದು? ಬ್ಯಾನರ್ ಕಟ್ಟಿದ್ದು ಕಂಪೆನಿಯ ದುಡ್ಡಿನಲ್ಲೋ, ಕ್ಲೀನಿಂಗ್ ಕೆಲಸದ ಹುಡುಗ ರೋಗಿಗೆಂದು ಕೊಟ್ಟ 20 ದಿರ್ಹಮಿನಲ್ಲೋ? ಡಬ್ಬಿ ಒಂದೇ ಆದ ಮೇಲೆ ಪ್ರಾಮಾಣಿಕ ಖಜಾಂಚಿಗೂ ಇದಕ್ಕೆ ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಕಳ್ಳತನ ಆಗದೆಯೇ ಅನುಮಾನ ಹುಟ್ಟುವುದು ಹೀಗೆ. ಅನುಮಾನ ಹುಟ್ಟಿದ ಸಂಘಕ್ಕೆ ಮುಂದಿನ ಸಲ ಮಯ್ಯತ್ ಊರಿಗೆ ಕಳಿಸಬೇಕಾದಾಗಲೂ ಜನ ಕೈ ಬಿಚ್ಚುವುದಿಲ್ಲ.

ಪಶ್ಚಿಮದ ದೇಶಗಳಲ್ಲಿ ಕಿಲಿಮಂಜಾರೊ ಹತ್ತುವುದು, ದೂರದ ಸೈಕಲ್ ಯಾತ್ರೆ ಮಾಡುವುದು, ಅದರ ಹೆಸರಿನಲ್ಲಿ ಸ್ನೇಹಿತರಿಂದ ಹಣ ಸೇರಿಸುವುದು ದೊಡ್ಡ ಪದ್ಧತಿ. ಅಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಕೆಲವು ಯಾತ್ರೆಗಳಲ್ಲಿ ಹತ್ತುವವನು ತನ್ನ ಖರ್ಚು ತಾನೇ ಕೊಡುತ್ತಾನೆ, ಸೇರಿಸಿದ್ದು ಪೂರ್ತಿ ದಾನಕ್ಕೆ. ಇನ್ನು ಕೆಲವದರಲ್ಲಿ ಸೇರಿಸಿದ ಹಣದಿಂದಲೇ ಅವನ ಟಿಕೆಟ್, ಹೋಟೆಲು, ಗೈಡು ಎಲ್ಲ ಕಳೆದು ಉಳಿದದ್ದು ದಾನಕ್ಕೆ. ಎರಡನ್ನೂ ಜನರ ಮುಂದೆ ಒಂದೇ ಮಾತಿನಲ್ಲಿ ಹೇಳುತ್ತಾರೆ, "ದಾನಕ್ಕಾಗಿ ಬೆಟ್ಟ ಹತ್ತುತ್ತೇನೆ" ಎಂದು. ಕೊಡುವವನು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ನೂರರಲ್ಲಿ ಬೆಟ್ಟಕ್ಕೆ ಎಷ್ಟು, ರೋಗಿಗೆ ಎಷ್ಟು?

ಪ್ಯಾಕೆಟಿನ ಮೇಲೆ ಬರೆಯುವ ಮಾತಿಗೂ ಇದೇ ನಿಯಮ. "ಲಾಭದ ಒಂದು ಭಾಗ ಬಡರೋಗಿಗಳಿಗೆ" ಎಂದು ಬರೆಯುವುದು ಸುಲಭ. ಎಷ್ಟು ಭಾಗ? ಲಾಭವೇ ಆಗದಿದ್ದರೆ? ಅದರ ಬದಲು "ಈ ಪ್ಯಾಕೆಟಿಗೆ 25 ಫಿಲ್ಸ್, ಇಂಥ ತಾರೀಕಿನವರೆಗೆ, ಇಂಥ ಸಂಸ್ಥೆಗೆ" ಎಂದು ಬರೆದರೆ ಯಾರಾದರೂ ಎಣಿಸಬಹುದು. 10,000 ಪ್ಯಾಕೆಟ್ ಹೋದರೆ 2,500 ದಿರ್ಹಮ್. ಕೊಳ್ಳುವವನಿಗೆ ಗೊತ್ತು, ಕಂಪೆನಿಗೆ ಗೊತ್ತು, ರೋಗಿಗೂ ಗೊತ್ತು. ಸಂಸ್ಥೆಯ ಹೆಸರು ಬರೆಯುವ ಮೊದಲು ಅವರ ಒಪ್ಪಿಗೆ ಬೇಕು. ಯಾವ ಸಂಸ್ಥೆ ಎಂಬ ಮಾತು ಬಂದದ್ದರಿಂದ ಕಾನೂನಿಗೆ ಬರುತ್ತೇನೆ. ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ.

ಈ ದೇಶದಲ್ಲಿ ಲೈಸೆನ್ಸ್ ಇಲ್ಲದವರು ಸಾರ್ವಜನಿಕವಾಗಿ ದಾನ ಸಂಗ್ರಹ ಮಾಡುವ ಹಾಗಿಲ್ಲ. ದುಬೈಯಲ್ಲಿ 2015ರಿಂದಲೇ ಇದಕ್ಕೆ ಪ್ರತ್ಯೇಕ ಆದೇಶ ಉಂಟು, 2021ರಲ್ಲಿ ಇಡೀ ದೇಶಕ್ಕೆ ಫೆಡರಲ್ ಕಾನೂನು ಬಂತು. ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಹಣ ಕಳಿಸಿ ಎಂದು ಪೋಸ್ಟರ್ ಹಾಕುವುದೂ ಇದಕ್ಕೆ ಸೇರಿತು. ದಂಡ ಲಕ್ಷದ ಲೆಕ್ಕದಲ್ಲಿ, ಜೈಲೂ ಆಗಬಹುದು. ನಮ್ಮ ಒಬ್ಬ ಹುಡುಗ ಒಳ್ಳೆಯ ಮನಸ್ಸಿನಿಂದ ತನ್ನ ನಂಬರ್ ಹಾಕಿ ಪೋಸ್ಟರ್ ಬಿಟ್ಟರೆ, ಅವನ ಕೆಲಸ, ವೀಸಾ, ಮನೆಯವರ ಅನ್ನ ಎಲ್ಲ ಅಪಾಯಕ್ಕೆ. ಹಾಗಾಗಿ ಇಲ್ಲಿ ಸಂಗ್ರಹ ಮಾಡುವುದಾದರೆ ಅನುಮತಿ ಇರುವ ಸಂಸ್ಥೆಯ ಮೂಲಕ, ಅವರ ಖಾತೆಗೆ, ಅವರ ರಶೀದಿಯೊಂದಿಗೆ. ಬೇರೆ ದಾರಿ ಇಲ್ಲ.

ಊರಿಗೆ ಕಳಿಸುವಾಗ ಇನ್ನೊಂದು ಕಾನೂನು. ಭಾರತದ ವಿದೇಶಿ ದೇಣಿಗೆ ಕಾಯ್ದೆ, ಎಫ್‌ಸಿಆರ್‌ಎ, 2010ರದ್ದು. ಭಾರತದ ಪಾಸ್‌ಪೋರ್ಟ್ ಇರುವ ನಾವು ನಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಊರಿನ ಟ್ರಸ್ಟಿಗೆ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಆದರೆ ಇಲ್ಲಿ ರಿಜಿಸ್ಟರ್ ಆದ ಕಂಪೆನಿ ಕಳಿಸಿದರೆ ಅದು ವಿದೇಶಿ ಮೂಲ. ಮಾಲಕ ಉಳ್ಳಾಲದವನಾಗಲಿ ಪುತ್ತೂರಿನವನಾಗಲಿ, ಕಂಪೆನಿ ವಿದೇಶದ್ದು. ಅದನ್ನು ಪಡೆಯಲಿಕ್ಕೆ ಊರಿನ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಹಣ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಹೋಗಬೇಕು. ಈಗ ನೋಡಿ, ಕಂಪೆನಿಯ 4,000 ಮತ್ತು ನಮ್ಮ 6,000 ಒಂದೇ ಡಬ್ಬಿಯಲ್ಲಿ ಬೆರೆತರೆ ಏನಾಗುತ್ತದೆ? ನಮ್ಮ ಸರಳ ಹಣವೂ ತೊಡಕಿನ ಹಣವಾಗುತ್ತದೆ. ಊರಿನಲ್ಲಿ ಟ್ರಸ್ಟ್ ನಡೆಸುವ ಹಿರಿಯರು ನಮ್ಮಿಂದಾಗಿ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ. ಮೂರು ಡಬ್ಬಿ ಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಡ.

ಇನ್ನು ಎರಡನೆಯ ಡಬ್ಬಿ, ಸಾಹಸ. ಇದರಲ್ಲಿ ದುಡ್ಡು ಮಾತ್ರ ಇರುವುದಲ್ಲ, ಹುಡುಗರ ದೇಹವೂ ಉಂಟು.

ಅಮೆರಿಕದಲ್ಲಿ ಕ್ಲಿಫ್ ಬಾರ್ ಎಂಬ ತಿಂಡಿ ಉಂಟು. ಗ್ಯಾರಿ ಎರಿಕ್‌ಸನ್ ಎಂಬವರು 1990ರಲ್ಲಿ 175 ಮೈಲಿನ ಸೈಕಲ್ ಸವಾರಿಯಲ್ಲಿ ತಿಂದ ಬಾರ್‌ನ ರುಚಿ ಸಾಕಾಗಿ, ತಾಯಿಯ ಅಡುಗೆಮನೆಯಲ್ಲಿ ತಾವೇ ಒಂದನ್ನು ಮಾಡಿ ನೋಡಿದರು. 1992ರಲ್ಲಿ ಮಾರಾಟ ಶುರು ಮಾಡಿದರು. ತಂದೆಯ ಹೆಸರು ಕ್ಲಿಫರ್ಡ್, ಅದೇ ತಿಂಡಿಯ ಹೆಸರಾಯಿತು. ಸಣ್ಣದಾಗಿ ಶುರುವಾದ ಕಂಪೆನಿ ಬೆಳೆದು, 2022ರಲ್ಲಿ ಮಾಂಡಲೀಸ್ ಎಂಬ ದೊಡ್ಡ ಕಂಪೆನಿ ಅದನ್ನು 290 ಕೋಟಿ ಡಾಲರಿಗೆ ಕೊಂಡಿತು. ಈ ಕ್ಲಿಫ್ ಬಾರ್ ಬಂಡೆ ಹತ್ತುವ ಹೆಸರಾಂತ ಸಾಹಸಿಗಳಿಗೆ ಸ್ಪಾನ್ಸರ್ ಆಗಿತ್ತು. 2014ರ ನವೆಂಬರಿನಲ್ಲಿ ಅವರಲ್ಲಿ ಐದು ಜನರನ್ನು ಕೈಬಿಟ್ಟಿತು. ಹಗ್ಗವಿಲ್ಲದೆ ಬಂಡೆ ಹತ್ತುವುದು, ಬೆಟ್ಟದಿಂದ ಹಾರುವುದು ಇಂಥ ಅಪಾಯದಿಂದ ಲಾಭ ಪಡೆಯಲಿಕ್ಕೆ ತಮಗೆ ಮನಸ್ಸಿಲ್ಲ ಎಂಬ ಅರ್ಥದ ಬಹಿರಂಗ ಪತ್ರ ಬರೆಯಿತು. ದೊಡ್ಡ ಚರ್ಚೆಯಾಯಿತು. ಇಷ್ಟು ವರ್ಷ ಅದೇ ಸಾಹಸದಿಂದ ಹೆಸರು ಮಾಡಿ ಈಗ ಬಿಡುವುದೋ ಎಂದು ಕೆಲವರು. ಸರಿಯಾಯಿತು ಎಂದು ಕೆಲವರು. ಆ ಐವರಲ್ಲಿ ಒಬ್ಬರಾದ ಡೀನ್ ಪಾಟರ್ ಮರುವರ್ಷ ಮೇ ತಿಂಗಳಲ್ಲಿ ಬೆಟ್ಟದಿಂದ ಹಾರುವಾಗಲೇ ತೀರಿಕೊಂಡರು. ಇನ್ನೊಬ್ಬರಾದ ಅಲೆಕ್ಸ್ ಹೊನೊಲ್ಡ್ 2017ರಲ್ಲಿ ಎಲ್ ಕ್ಯಾಪಿಟನ್ ಎಂಬ ಭಾರೀ ಬಂಡೆಯನ್ನು ಹಗ್ಗವಿಲ್ಲದೆ ಹತ್ತಿ ಜಗತ್ತಿಗೇ ಗೊತ್ತಾದರು. ಈ ಹೊನೊಲ್ಡ್ 2012ರಿಂದ ಒಂದು ಫೌಂಡೇಶನ್ ಮಾಡಿ, ತನ್ನ ಸಂಪಾದನೆಯ ದೊಡ್ಡ ಪಾಲನ್ನು ಕರೆಂಟಿಲ್ಲದ ಜನರಿಗೆ ಸೋಲಾರ್ ಕೊಡುವ ಕೆಲಸಕ್ಕೆ ಹಾಕುತ್ತಾ ಬಂದಿದ್ದಾರೆ. ಲೆಕ್ಕ ಎಷ್ಟು ಸ್ಪಷ್ಟ ನೋಡಿ. ಸ್ಪಾನ್ಸರ್ ಕೊಟ್ಟದ್ದು ಜಾಹೀರಾತಿನ ಹಣ, ಅದು ಅವರ ಸಂಬಳ. ಸಂಬಳದಿಂದ ತೆಗೆದು ಕೊಟ್ಟದ್ದು ಅವರ ದಾನ.

ನಮ್ಮ ಹುಡುಗರು ಹಗ್ಗವಿಲ್ಲದೆ ಬಂಡೆ ಹತ್ತುವುದಿಲ್ಲ, ಸರಿ. ಆದರೆ ಜೆಬೆಲ್ ಜೈಸ್ ಈ ದೇಶದ ಅತಿ ಎತ್ತರದ ಬೆಟ್ಟ, 1,900 ಮೀಟರಿನ ಆಸುಪಾಸು. ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಕತೆ ಬೇರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂದು ಸರಕಾರವೇ ಹೇಳುತ್ತದೆ. ಸಂಬಳದ ಕೆಲಸಕ್ಕೇ ಬೇಡ ಎಂದ ಬಿಸಿಲನ್ನು ಚಿಪ್ಸಿನ ಹೆಸರಿಗೆ ನಮ್ಮ ಮಕ್ಕಳು ಯಾಕೆ ತಿನ್ನಬೇಕು? ಚಳಿಗಾಲದಲ್ಲಿ ಇಡಿ, ಬೆಳಗ್ಗೆ ಬೇಗ ಇಡಿ.

ಮತ್ತೆ ವಿಮೆ. ಕೆಲಸದ ಕಂಪೆನಿ ಕೊಟ್ಟ ಕಾರ್ಡ್ ಇಂಥ ಸಾಹಸಕ್ಕೆ ನಡೆಯುತ್ತದೋ ಇಲ್ಲವೋ ಎಂದು ಪಾಲಿಸಿ ಓದಿ ನೋಡಬೇಕು. ರಜೆಯ ದಿನ ಬೆಟ್ಟದಲ್ಲಿ ಬಿದ್ದದ್ದು ಕೆಲಸದ ಅಪಘಾತ ಆಗುವುದಿಲ್ಲ. ಕಾಲು ಮುರಿದರೆ ಎರಡು ಮೂರು ತಿಂಗಳು ಕೆಲಸ ಇಲ್ಲ. ಊರಿನಲ್ಲಿ ಆ ಹುಡುಗನ ಹಣಕ್ಕೆ ಕಾಯುವವರು ಎಷ್ಟು ಜನ ಎಂದು ಇಲ್ಲಿ ಕೂತ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಒಬ್ಬ ರೋಗಿಗೆ ಸಹಾಯ ಮಾಡಲಿಕ್ಕೆ ಹೋಗಿ ಇನ್ನೊಂದು ಮನೆಯನ್ನು ಸಹಾಯ ಬೇಡುವ ಹಾಗೆ ಮಾಡಬಾರದು. ಹಾಗಾಗಿ ಸ್ಪಾನ್ಸರ್ ಹಣದಲ್ಲಿ ಮೊದಲ ಖರ್ಚು ವಿಮೆ. ಆಮೇಲೆ ಅಂಗಿ.

ಕೊನೆಗೆ ಮೂರನೆಯ ಡಬ್ಬಿ. ಡಯಾಲಿಸಿಸ್ ಎಂದರೆ ಒಂದು ಸಲದ ಆಪರೇಶನ್ ಅಲ್ಲ. ವಾರಕ್ಕೆ ಎರಡು ಸಲ, ಮೂರು ಸಲ, ವರ್ಷಗಟ್ಟಲೆ. ಸರಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಉಂಟು, ಬಿಪಿಎಲ್ ಕಾರ್ಡಿನವರಿಗೆ ಉಚಿತ. ಅದು ಸಿಕ್ಕಿದರೂ ಹೋಗಿಬರುವ ರಿಕ್ಷಾ, ಜೊತೆಗೆ ಹೋಗುವವರ ಕೂಲಿ ನಷ್ಟ, ಮದ್ದು, ಇಂಜೆಕ್ಷನ್ ಎಲ್ಲ ಉಳಿಯುತ್ತದೆ. ಒಂದು ದಿನದ ಸೈಕಲ್ ಸವಾರಿಯ ಹಣವನ್ನು ಇಪ್ಪತ್ತು ಜನರಿಗೆ ಹಂಚಿ, ಫೋಟೊ ತೆಗೆದು ಮುಗಿಸಿದರೆ, ಮುಂದಿನ ವಾರ ರೋಗಿ ಮತ್ತೆ ಅಲ್ಲಿಯೇ ನಿಂತಿರುತ್ತಾನೆ. ಅದರ ಬದಲು ಕಂಪೆನಿ ಒಂದು ಸಲ 4,000 ಕೊಡುವ ಬದಲಿಗೆ ತಿಂಗಳಿಗೆ 500ರ ಹಾಗೆ ಒಂದು ವರ್ಷ ಕೊಡುತ್ತೇನೆ ಎಂದರೆ, 6,000 ಆಯಿತು, ಮೂವರು ನಾಲ್ವರ ರಿಕ್ಷಾ ಬಾಡಿಗೆಯ ಚಿಂತೆ ವರ್ಷಕ್ಕೆ ಕಡಿಮೆಯಾಯಿತು. ಸಣ್ಣ ಕಂಪೆನಿಗೂ ತಿಂಗಳ 500 ಭಾರ ಆಗುವುದಿಲ್ಲ. ಹಿಲರಿಯ ಶಾಲೆಯಿಂದ ನಾವು ಕಲಿಯಬೇಕಾದ್ದು ಇದೇ. ಬೆಟ್ಟದ ಸುದ್ದಿ ಒಂದು ದಿನದ್ದು, ಸಹಾಯ ಮುಂದುವರಿಯಬೇಕು. ಮತ್ತೆ ದಯವಿಟ್ಟು, ರೋಗಿಯ ಮುಖದ ಫೋಟೊ ಚಿಪ್ಸ್ ಪ್ಯಾಕೆಟಿನ ಪಕ್ಕದಲ್ಲಿ ಬೇಡ. ಕಷ್ಟದಲ್ಲಿರುವವನಿಗೂ ಒಂದು ಮಾನ ಉಂಟು.

ಹಾಗಾದರೆ ಈ ಪ್ರಸ್ತಾಪ ಬೇಡವೋ? ಬೇಕು ಎಂದೇ ನನ್ನ ಅಭಿಪ್ರಾಯ. ಹುಡುಗರು ವಾರವಿಡೀ ದುಡಿದು ರಜೆಯ ದಿನ ರೂಮಿನಲ್ಲಿ ಮೊಬೈಲ್ ನೋಡುತ್ತಾ ಬಿದ್ದಿರುವುದಕ್ಕಿಂತ ಬೆಟ್ಟ ಹತ್ತುವುದು ಒಳ್ಳೆಯದು. ನಮ್ಮವರ ತಿಂಡಿಗೆ ಹೆಸರು ಬರುವುದೂ ಒಳ್ಳೆಯದು. ಆದರೆ ಸಂಘ ಒಪ್ಪುವ ಮೊದಲು ಕಂಪೆನಿಯ ಜೊತೆ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಜಾಹೀರಾತು ಮತ್ತು ಸಾಹಸದ ಖರ್ಚು ಪೂರ್ತಿ ಕಂಪೆನಿಯದ್ದು, ಹೆಚ್ಚಾದರೂ ಅವರದ್ದೇ. ಸದಸ್ಯರ ಒಂದು ಫಿಲ್ಸೂ ಅದಕ್ಕೆ ಹೋಗಬಾರದು. ದಾನದ ಮೊತ್ತವನ್ನು ಬೇರೆಯಾಗಿ, ಅಂಕಿಯಲ್ಲಿ, ಮೊದಲೇ ಬರೆಯಲಿ. ಇಲ್ಲಿ ಅನುಮತಿ ಇರುವ ಸಂಸ್ಥೆ ಯಾವುದು, ಊರಿನಲ್ಲಿ ಪಡೆಯುವ ಸಂಸ್ಥೆ ಯಾವುದು ಎಂದು ಮೊದಲೇ ಗೊತ್ತಾಗಲಿ. ಅದು ಆಗುವವರೆಗೆ ಯಾರೂ ಪೋಸ್ಟರ್ ಬಿಡಬೇಡಿ. ವಿಮೆ ಆಗದೆ ಸೈಕಲ್ ಹೊರಡಬೇಡಿ. ಕಾರ್ಯಕ್ರಮ ಮುಗಿದು ಒಂದು ತಿಂಗಳ ಒಳಗೆ ಮೂರು ಡಬ್ಬಿಯ ಲೆಕ್ಕವನ್ನೂ ನಮ್ಮ ಈ ಪತ್ರಿಕೆಯಲ್ಲೇ ಅಚ್ಚು ಹಾಕಿ. ಎಷ್ಟು ಬಂತು, ಎಷ್ಟು ಹೋಯಿತು, ಎಲ್ಲಿಗೆ ಹೋಯಿತು. ಆ ಲೆಕ್ಕ ಬರೆದುಕೊಡುವ ಕೆಲಸಕ್ಕೆ ನಾನು ಸಿದ್ಧ, ಸಂಬಳ ಬೇಡ. ಪರಿಶೀಲಿಸಲಿಕ್ಕೆ ಮಾತ್ರ ಬೇರೆಯವರನ್ನು ಇಡಿ. ಬರೆದವನೇ ಪರಿಶೀಲಿಸಿದರೆ ಅದು ಲೆಕ್ಕ ಆಗುವುದಿಲ್ಲ.

ಕಂಪೆನಿಯ ಮಾಲಕರೂ ಇವತ್ತು ಈ ಸಭೆಯಲ್ಲಿ ಇದ್ದಾರೆ. ನಿಮ್ಮ ಮನಸ್ಸಿನ ಬಗ್ಗೆ ನಮಗೆ ಅನುಮಾನ ಇಲ್ಲ ಸಾಹೇಬರೇ. ಅನುಮಾನ ಬಾರದ ಹಾಗೆ ಮಾಡುವುದು ಹೇಗೆ ಎಂದು ಮಾತ್ರ ನಾನು ಹೇಳಿದ್ದು. ಸದಸ್ಯರಿಗೆ ಪ್ರಶ್ನೆ ಇದ್ದರೆ ಊಟದ ನಂತರ ಕೇಳಿ, ನಾನು ಇಲ್ಲಿಯೇ ಇರುತ್ತೇನೆ. ಮುಂದಿನ ಸಭೆಗೆ ಎಲ್ಲರೂ ಬನ್ನಿ, ಕೈ ಎತ್ತುವ ಮೊದಲು ಮೂರು ಡಬ್ಬಿಯ ಲೆಕ್ಕ ಕೇಳಿ.